ರೆಕಾರ್ಡಿನ ಕೊನೆಯ ಹಾಳೆ

ನನ್ನ ಲ್ಯಾಬ್ ರೆಕಾರ್ಡಿನ ಒಂದು ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಎಳೆದ ಕೆಂಪು ಗೆರೆ ಇದೆ. ಅದನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ಎಳೆದವರು ನಮಗೆ ಕಂಪ್ಯೂಟರಿನ ಒಳರಚನೆ ಕಲಿಸುತ್ತಿದ್ದ ಲೆಕ್ಚರರ್. ಕಲಿಸುತ್ತಿದ್ದರು ಎನ್ನುವುದೂ ದೊಡ್ಡ ಮಾತು. ನೋಟ್ಸ್ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು.

ಲ್ಯಾಬಿನಲ್ಲಿ ಒಂದು ಸಿಮ್ಯುಲೇಟರ್ ಇತ್ತು. ಕಂಪ್ಯೂಟರಿನ ಒಳಗೆ ಇನ್ನೊಂದು ಇಡೀ ಕಂಪ್ಯೂಟರನ್ನು ಕಟ್ಟಿಕೊಡುವ ಪ್ರೋಗ್ರಾಂ ಅದು. ಪ್ರೊಸೆಸರ್, ಮೆಮೊರಿ, ಡಿಸ್ಕ್, ಎಲ್ಲವೂ ಲೆಕ್ಕದಲ್ಲಿ ಮಾತ್ರ. ಕೈಗೆ ಸಿಗದ ಆ ಯಂತ್ರವೂ ನಿಜವಾದದ್ದರಂತೆ ಮೊದಲಿನಿಂದ ಆನ್ ಆಗಬೇಕಿತ್ತು, ಅದಕ್ಕೇ ಗಂಟೆಯ ಮೇಲೆ ಹಿಡಿಯುತ್ತಿತ್ತು. ಯಾರೂ ಕಾಯುತ್ತಿರಲಿಲ್ಲ. ಮೇಲಿನ ಬ್ಯಾಚಿನವರ ರೆಕಾರ್ಡ್ ತಂದು ಅಂಕಿ ಸಮೇತ ಇಳಿಸಿಕೊಳ್ಳುವುದೇ ನಮ್ಮ ಕಾಲೇಜಿನ ಪದ್ಧತಿ. ಅವರೂ ತಮ್ಮ ಮೇಲಿನವರಿಂದ ಇಳಿಸಿಕೊಂಡವರೇ.

ನಾನು ಕಾದೆ. ಊಟದ ಬಿಡುವಿನಲ್ಲೂ ಕೂತು ಕಾದೆ.

ಪ್ರೊಸೆಸರಿನ ಪಕ್ಕದಲ್ಲೇ ಕ್ಯಾಶ್ ಎಂಬ ಸಣ್ಣ, ಚುರುಕು ಮೆಮೊರಿ ಇರುತ್ತದೆ, ಒಮ್ಮೆ ಮುಟ್ಟಿದ್ದು ಮತ್ತೆ ಬೇಕಾದಾಗ ಬೇಗ ಸಿಗಲೆಂದು. ಅದನ್ನು ಎರಡರಷ್ಟು ಮಾಡಿ, ಒಂದು ಭಾರಿ ಪಟ್ಟಿಯ ಅಂಕಿಗಳನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಕೂಡಿಸಿ, ಎಷ್ಟು ಬೇಗ ಮುಗಿಯುತ್ತದೆ ಎಂದು ನೋಡಬೇಕಿತ್ತು. ಎಲ್ಲ ರೆಕಾರ್ಡುಗಳಲ್ಲೂ ಅರ್ಧಕ್ಕರ್ಧ ಸಮಯ ಉಳಿದಿತ್ತು. ನನಗೆ ಏನೂ ಉಳಿಯಲಿಲ್ಲ. ಮೂರು ಸಲ ಓಡಿಸಿದರೂ ಅಷ್ಟೇ.

ನಾವು ಗುಡಿಬಂಡೆ ಬಿಟ್ಟು ರಾಯದುರ್ಗಕ್ಕೆ ಬಂದದ್ದೇ ಜೀನ್ಸ್ ಕೆಲಸಕ್ಕೆ. ಅಣ್ಣ ಹೊಲಿಯುತ್ತಿದ್ದ, ಅಮ್ಮ ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಬೆರಳ ತುದಿ ಯಾವಾಗಲೂ ನೀಲಿ. ಆ ಸಂಜೆ ಅಣ್ಣ, ಪ್ಯಾಂಟು ತುಂಬಿಕೊಳ್ಳಲು ಪಕ್ಕದಲ್ಲಿ ಇನ್ನೂ ದೊಡ್ಡ ಬುಟ್ಟಿ ಇಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ ಎಂದು ಅಮ್ಮನಿಗೆ ಬುದ್ಧಿ ಹೇಳುತ್ತಿದ್ದ. ಅಮ್ಮ ಕತ್ತರಿ ನಿಲ್ಲಿಸಲಿಲ್ಲ.

"ಬುಟ್ಟಿ ದೊಡ್ದಾದ್ರೆ ನನ್ ಕೈ ಜೋರಾಯ್ತದೇನೋ? ಒಂದ್ಸಲ ಕತ್ತರ್ಸಿದ್ ಪ್ಯಾಂಟು ತಿರುಗಿ ನನ್ನತ್ರ ಬರಲ್ಲ."

ನನಗೆ ಅಲ್ಲೇ ಹೊಳೆಯಿತು. ಪಟ್ಟಿಯ ಪ್ರತಿ ಅಂಕಿಯನ್ನೂ ನಾನು ಒಮ್ಮೆ ಮಾತ್ರ ಮುಟ್ಟುತ್ತಿದ್ದೆ. ಮತ್ತೆ ಬೇಕಾಗದ್ದನ್ನು ಹತ್ತಿರ ಇಟ್ಟುಕೊಂಡು ಲಾಭವೇನು? ನನ್ನ ಅಂಕಿ ಸರಿ. ಕಾರಣವನ್ನೂ ಬರೆದು ರೆಕಾರ್ಡ್ ಒಪ್ಪಿಸಿದೆ.

ಲೆಕ್ಚರರ್ ಕಾರಣ ಓದಲಿಲ್ಲ. ಹಳೆಯ ರೆಕಾರ್ಡ್ ಪಕ್ಕಕ್ಕಿಟ್ಟು ತಾಳೆ ನೋಡಿ ಗೆರೆ ಎಳೆದರು. ಇಡೀ ಕ್ಲಾಸಿನ ಎದುರು ಕೇಳಿದರು: "ನಿಮ್ಮನ್ಯಾಗ ಪ್ಯಾಂಟಿನ ದಾರ ಕತ್ತರಸ್ತಾರಲ್ಲ, ಅಂಕಿನೂ ಹಂಗ ಕತ್ತರಿಸ್ಕೊಂಡು ಬಂದಿಯೇನಮ್ಮಾ?"

ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೂ.

ಅವರ ಸಹಿ ಇಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಗೆ ಬಿಡುವುದಿಲ್ಲ. ಪರೀಕ್ಷೆ ತಪ್ಪಿದರೆ ವರ್ಷ ಹೋಯಿತು, ವರ್ಷ ಹೋದರೆ ನನ್ನ ಓದೂ ಮುಗಿಯಿತು. ಅಣ್ಣ ನನಗೂ ಒಂದು ಹೊಲಿಗೆ ಮಷಿನ್ ಮಾತಾಡಿಟ್ಟಿದ್ದ. ನಮ್ಮ ಮನೆತನದಲ್ಲಿ ಡಿಗ್ರಿಯ ಹತ್ತಿರ ಬಂದವಳು ನಾನೊಬ್ಬಳೇ. ಸುಳ್ಳು ಅಂಕಿಯನ್ನು ಇಳಿಸಿದೆ, ಸಹಿ ಸಿಕ್ಕಿತು. ಆ ಸಿಟ್ಟು ಅವರ ಮೇಲಿನದಕ್ಕಿಂತ ನನ್ನ ಮೇಲೇ ಹೆಚ್ಚು. ಕೆಂಪು ಗೆರೆಯ ಹಾಳೆಯನ್ನು ಮಾತ್ರ ಹರಿಯದೆ ರೆಕಾರ್ಡಿನ ಕೊನೆಗೆ ಅಂಟಿಸಿದೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು, ಸಮಯ ಯಾಕೆ ಅರ್ಧವಾಯಿತು ಎಂದು ಕೇಳಿದರು. ಲೆಕ್ಚರರ್ ಪಕ್ಕದಲ್ಲೇ ಕೂತಿದ್ದರು.

"ಆಗಲ್ಲ ಸಾರ್. ಅದು ನಾನು ಓಡಿಸಿದ್ ಅಂಕಿ ಅಲ್ಲ. ನಂದು ಕೊನೇ ಹಾಳೇಲೈತೆ."

ಪರೀಕ್ಷಕರು ಓದಿದರು. ಕಾರಣ ಕೇಳಿದರು, ಅಮ್ಮನ ಬುಟ್ಟಿಯ ಲೆಕ್ಕದಲ್ಲೇ ಹೇಳಿದೆ. ಸರಿ ಎಂದು ತಲೆ ಆಡಿಸಿದರು. ಗೆರೆ ಎಳೆದವರನ್ನು ಒಂದು ಮಾತೂ ಕೇಳಲಿಲ್ಲ. ಇಬ್ಬರೂ ಟೀ ಕುಡಿಯಲು ಎದ್ದು ಹೋದರು. ನಾನು ಪಾಸಾದೆ, ಆ ಲ್ಯಾಬಿನಲ್ಲಿ ಕ್ಲಾಸಿಗೇ ಕಡಿಮೆ ಅಂಕ ನನ್ನದು.

ಮುಂದಿನ ವರ್ಷ ಕೆಳಗಿನ ಬ್ಯಾಚಿನ ಹುಡುಗಿಯೊಬ್ಬಳು ರೆಕಾರ್ಡ್ ಕೇಳಿಕೊಂಡು ಮನೆಗೆ ಬಂದಳು. ಕೊನೆಯ ಹಾಳೆಯೊಂದನ್ನೇ ಕೊಡುತ್ತೇನೆ, ಓದು, ಆಮೇಲೆ ನೀನೇ ಓಡಿಸಿ ನೋಡು ಎಂದೆ. ಡಿಗ್ರಿ ಬಂತು ಅಂತ ಸೊಕ್ಕು ಇವಳಿಗೆ ಎಂದು ಅಣ್ಣ ಗೊಣಗಿದ. ಹುಡುಗಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು.

"ಇದನ್ನ ಬರದ್ರ ಸರ್ ಸೈನ್ ಹಾಕ್ತಾರೇನಕ್ಕಾ?"

"ಹಾಕಲ್ಲ" ಎಂದೆ.

ಅವಳು ಹಾಳೆಯನ್ನು ನನ್ನ ಕೈಗೇ ಕೊಟ್ಟು, ಅಂದು ನಕ್ಕಿದ್ದ ನನ್ನ ಆ ಗೆಳತಿಯ ರೆಕಾರ್ಡಾದರೂ ಸಿಗುತ್ತದೇನೋ, ಅವರ ಮನೆ ಯಾವ ಬೀದಿಯಲ್ಲಿದೆ ಎಂದು ಕೇಳಿದಳು. ನಾನು ಹೇಳಲಿಲ್ಲ.