ನಾಲ್ಕನೇ ರೀಲಿನ ಒಂದು ತುಂಡು

ಕಾಶಿಗೆ ಬಂದವರು ಒಂದು ಹಣ್ಣು, ಒಂದು ತರಕಾರಿ ಬಿಡಬೇಕೆಂಬ ಪದ್ಧತಿ. ಕೆಂಪಣ್ಣ ಸೀತಾಫಲವನ್ನೂ ಹಾಗಲಕಾಯಿಯನ್ನೂ ಬಿಟ್ಟ. ಹಾಗಲಕಾಯಿ ಅವನಿಗೆ ಮೊದಲೇ ಸೇರುತ್ತಿರಲಿಲ್ಲ, ಅದು ಬೇರೆ ಮಾತು. ಸಿನಿಮಾ ಮಾತ್ರ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಸುಡುವ ಊರಿಗೇ ಬಂದು ಕೂತರೂ ಅವನದು ಹೋಗಲಿಲ್ಲ.

ವಯಸ್ಸಿನಲ್ಲಿ ಅವನು ತುರುವೇಕೆರೆ ಕಡೆಯ ಟೂರಿಂಗ್ ಟಾಕೀಸೊಂದರಲ್ಲಿ ಆಪರೇಟರ್. ಈಗ ಎಪ್ಪತ್ತೆರಡು. ಹೆಂಡತಿ ಶ್ಯಾಮಲಾಳೊಂದಿಗೆ ಯಾತ್ರೆಗೆ ಬಂದವನು, ಆಕೆ ಇಲ್ಲೇ ಜ್ವರ ಹತ್ತಿ ತೀರಿಕೊಂಡ ಮೇಲೆ ಹಿಂತಿರುಗಲಿಲ್ಲ. ಅವಳನ್ನು ಗಂಗೆಯಲ್ಲಿ ಬಿಟ್ಟು ರೈಲು ಹತ್ತಲು ಕಾಲೇ ಬರಲಿಲ್ಲ. ಬಂಗಾಲಿ ಟೋಲಾದ ಲಾಡ್ಜೊಂದರಲ್ಲಿ ಇದ್ದುಕೊಂಡು, ಕನ್ನಡದ ಯಾತ್ರಿಕರನ್ನು ವಿಶ್ವನಾಥ ಗಲ್ಲಿಗೆ ಕರೆದೊಯ್ದು, ಒಬ್ಬರೂ ತಪ್ಪಿಹೋಗದಂತೆ ವಾಪಸು ತರುವುದು ಅವನ ಕೆಲಸ. ಏಳು ವರ್ಷವಾಯಿತು.

ಅವನ ಜೀವದ ಚಿತ್ರ ಒಂದೇ, 'ಸಂಜೆಯ ಹರಿಗೋಲು'. ಅಂಬಿಗನ ಮೇಲೆ ಮನಸ್ಸಿಟ್ಟ ಹುಡುಗಿ ಬೇರೊಬ್ಬನನ್ನು ಮದುವೆಯಾಗಿ ಬೇರೆ ಊರಿಗೆ ಹೊರಡುತ್ತಾಳೆ. ಹೊಳೆ ದಾಟಿ, ದಂಡೆ ಹತ್ತಿ, ಒಮ್ಮೆ ತಿರುಗಿ ನೋಡುತ್ತಾಳೆ. ಅಲ್ಲಿಗೆ ಮುಗಿಯಿತು. ಹೋದ ವರ್ಷ ಅದರ ನಿರ್ದೇಶಕ, ಈಗ ಹಣ್ಣುಹಣ್ಣು ಮುದುಕ, ಅದೇ ಹುಡುಗಿಯ ಬಾಲ್ಯದ ಕಥೆಯನ್ನು ಹೊಸ ಚಿತ್ರವಾಗಿ ತೆಗೆದ. ಅದರಲ್ಲಿ ಅಂಬಿಗನ ಮನೆಯವರು ಅವಳ ಅಪ್ಪನನ್ನು ಮುಳುಗಿಸಿ ಕೊಂದವರು. ಹೊಸದಕ್ಕೆ ಹೊಂದಲೆಂದು ಹಳೆಯದನ್ನೂ ತಿದ್ದಿ ಮತ್ತೆ ಬಿಡುಗಡೆ ಮಾಡಿದ. ಈಗ ಅವಳು ದಂಡೆ ಹತ್ತಿ ಹೊಳೆಗೆ ಉಗಿದು ಹೋಗುತ್ತಾಳೆ.

ಇದನ್ನು ಫೋನಿನಲ್ಲಿ ತೋರಿಸಿದವಳು ಅದಿತಿ. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತ ಭೇಲೂಪುರದಲ್ಲಿ ಬಾಡಿಗೆಗಿರುವ ಮೈಸೂರಿನ ಹುಡುಗಿ. ಕನ್ನಡ ಮಾತಾಡುವ ಆಸೆಗೆ ಭಾನುವಾರ ಬರುತ್ತಾಳೆ.

"ಅವನ ಕೈ ಸೇದೋಗ! ನಮ್ಮ ಹುಡುಗಿ ಉಗಿಯೋದಾ? ಹೆತ್ತೋನು ಅಂತ ಮಗೀನ ಮೂಗು ಕುಯ್ಬೋದಾ?" ಎಂದು ಕೆಂಪಣ್ಣ ಲಾಡ್ಜಿಗೆಲ್ಲ ಕೇಳುವಂತೆ ಕೂಗಾಡಿದ. ಆಮೇಲೆ ದನಿ ತಗ್ಗಿಸಿ, "ಹಳೇದು ಎಲ್ಲಾದ್ರೂ ಸಿಗ್ತದೇನವ್ವ? ಅವಳು ತಿರುಗಿ ನೋಡೋದನ್ನ ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು" ಎಂದ.

ಮೂರನೇ ಭಾನುವಾರ ಅದಿತಿ ಹಳೆಯದನ್ನು ಹುಡುಕಿ ತಂದಳು. ಇಬ್ಬರೂ ಲಾಡ್ಜಿನ ಮೆಟ್ಟಿಲ ಮೇಲೆ ಕೂತರು. ಹುಡುಗಿ ದಂಡೆ ಹತ್ತಿದಳು, ನಡೆದಳು, ಹೋಗೇಬಿಟ್ಟಳು. ತಿರುಗಲಿಲ್ಲ.

"ಇದನ್ನೂ ಕೆಡಿಸವ್ನೆ!"

"ಇಲ್ಲ ತಾತ, ಇದು ಹಳೇದೇ. ಮೂವತ್ತು ವರ್ಷದ ಹಿಂದೆ ಟೀವಿಯಿಂದ ರೆಕಾರ್ಡ್ ಮಾಡಿಟ್ಟಿದ್ದು."

ಕೆಂಪಣ್ಣ ಆ ಕಡೆಯ ದೃಶ್ಯವನ್ನು ಇನ್ನೊಮ್ಮೆ ಹಾಕಿಸಿ ನೋಡಿದ. ಸ್ವಲ್ಪ ಹೊತ್ತಿಗೆ ಎಲ್ಲ ನೆನಪಾಯಿತು, ನಾಚಿಕೆಯೂ ಆಯಿತು. ಐವತ್ತು ವರ್ಷ ನೆನೆದು ನೆನೆದು, ಚಿತ್ರವೇ ಹಾಗಿತ್ತೆಂದು ಅವನು ನಂಬಿಬಿಟ್ಟಿದ್ದ. ಆಗ ಟೆಂಟಿನ ನೆಲದ ಮೇಲೆ, ಹೆಂಗಸರ ಕಡೆ ಕೂತು ಚಿತ್ರ ನೋಡಿದ ಹುಡುಗಿಯೊಬ್ಬಳು ಹೊರಗೆ ಬಂದು ಅಳುತ್ತ, "ಒಂದ್ಸಲ ತಿರುಗಿ ನೋಡಿದ್ರೆ ಅವಳ ಗಂಟೇನು ಹೋಗ್ತಿತ್ತು?" ಎಂದು ಆಪರೇಟರನ್ನೇ ಜಗಳಕ್ಕೆ ಎಳೆದಿದ್ದಳು. ಅವಳೇ ಶ್ಯಾಮಲಾ. ಮರುದಿನ ಕೆಂಪಣ್ಣ ನಾಲ್ಕನೇ ರೀಲಿನಿಂದ, ನಾಯಕಿ ಬಾವಿಕಟ್ಟೆಯಲ್ಲಿ ತಿರುಗಿ ನೋಡುವ ತುಂಡನ್ನು ಕತ್ತರಿಸಿ, ಕಡೆಯ ರೀಲಿನ ತುದಿಗೆ ಅಂಟು ಹಚ್ಚಿ ಕೂಡಿಸಿದ. ಹೊಳೆಯ ದಂಡೆಗೆ ಬಾವಿಯ ರಾಟೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಶ್ಯಾಮಲಾ ಹದಿನೆಂಟು ದಿನ, ದಿನವೂ ಮೊದಲನೇ ಆಟಕ್ಕೆ ಬಂದಳು.

ಇದನ್ನೆಲ್ಲ ಅವನು ಅದಿತಿಗೆ ಹೇಳಿದ. "ತಿದ್ದಿದೋನು ನಾನೇ ಕಣವ್ವ. ಆ ಮುದುಕನ್ನ ಬಯ್ಯೋಕೆ ನನಗ್ಯಾವ ಮುಖ ಐತೆ?"

ಅದಿತಿ ನಕ್ಕಳು. "ಅಷ್ಟೇ ತಾನೇ ತಾತ? ನಾನು ಜೋಡಿಸಿಕೊಡ್ತೀನಿ, ಬಿಡಿ."

ಮುಂದಿನ ಭಾನುವಾರ ಜೋಡಿಸಿಯೇ ತಂದಳು. ಹುಡುಗಿ ದಂಡೆ ಹತ್ತಿ ತಿರುಗಿ ನೋಡಿದಳು. ಹಿಂದೆ ರಾಟೆಯೂ ಇತ್ತು. ಕೆಂಪಣ್ಣ ಎರಡು ಸಲ ನೋಡಿದ. ಮೂರನೇ ಸಲಕ್ಕೆ ಫೋನನ್ನು ಮೆಲ್ಲಗೆ ಬೋರಲು ಇಟ್ಟ.

"ಸರಿಯಾಗಿಲ್ವಾ ತಾತ?"

"ಎಲ್ಲಾ ಸರಿಯಾಗೈತೆ. ಆದ್ರೆ ಇದನ್ನ ನಾನು ಯಾವತ್ತೂ ನೆಟ್ಟಗೆ ನೋಡೇ ಇಲ್ಲ ಕಣವ್ವ."

ಆ ತುಂಡು ಬರುವ ಹೊತ್ತಿಗೆ ಅವನು ತೆರೆಯನ್ನು ನೋಡುತ್ತಿರಲಿಲ್ಲ. ಬೂತಿನ ಕಿಂಡಿಗೆ ಕಣ್ಣು ಹಚ್ಚಿ ಕೆಳಗೆ ಹೆಂಗಸರ ಕಡೆ ನೋಡುತ್ತ ಕಾಯುತ್ತಿದ್ದ. ತೆರೆಯ ಮೇಲಿನವಳು ತಿರುಗಿದ ಕೂಡಲೇ ಅಷ್ಟು ಜನರ ನಡುವಿನಿಂದ ಶ್ಯಾಮಲಾ ತಿರುಗಿ ಅವನ ಕಿಂಡಿಯ ಕಡೆ ನೋಡುತ್ತಿದ್ದಳು.