ಚೆಂಡು ಬಿಟ್ಟ ಮೇಲೆ

ಲಿಮೆರಿಕ್ ಎಂಬ ಈ ಚಳಿದೇಶದ ಊರಿನ ನಮ್ಮ ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ವರ್ಷದ ಹತ್ತು ತಿಂಗಳು ಗಟ್ಟಿಯಾಗಿಯೇ ಇರುತ್ತದೆ. ಶನಿವಾರ ಬೆಳಿಗ್ಗೆ ಅದನ್ನು ಚಮಚದಲ್ಲಿ ಕೆರೆದು, ಅಂಗೈಯಲ್ಲಿ ಕರಗಿಸಿ, ಮೊದಲು ಮಗಳ ತಲೆಗೆ, ಉಳಿದದ್ದನ್ನು ಚೆಂಡು ಹಿಡಿಯುವಾಗ ತೊಡುವ ಅವಳ ಚರ್ಮದ ಸಾಫ್ಟ್‌ಬಾಲ್ ಗ್ಲೌಸಿಗೆ ತಿಕ್ಕುವುದು ನನ್ನ ಪದ್ಧತಿ. ನಗಬೇಡಿ. ಚರ್ಮ ಒಣಗದ ಹಾಗೆ ಎಣ್ಣೆ ಹಚ್ಚಿ ಎಂದು ಕ್ಲಬ್ಬಿನವರು ಹೇಳಿದ್ದರೇ ಹೊರತು ಯಾವ ಎಣ್ಣೆ ಎಂದು ಹೇಳಿರಲಿಲ್ಲ. ಚಿನ್ಮಯಿ ಎಂಬ ಹೆಸರನ್ನು 'ಚಿನ್' ಎಂದು ಕತ್ತರಿಸಿ, ನನ್ನ ಚೈತನ್ಯಸ್ವರೂಪಿಣಿಯನ್ನು ಬರೀ ಗದ್ದವಾಗಿಸಿದ ಅವಳ ಗೆಳತಿಯರು, ಈಗ ಆ ಗ್ಲೌಸನ್ನು ಮೂಸಿ ನೋಡಿ ತಮ್ಮದಕ್ಕೂ ಹಚ್ಚಿಕೊಡಿ ಎನ್ನುತ್ತಾರೆ.

ಅವಳ ಅಪ್ಪ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಲ್ಲಿಯ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ವಾರಕ್ಕೊಮ್ಮೆ ಮೈದಾನದ ತಂತಿಬೇಲಿಗೆ ಆತು ನಿಂತು ಅವಳ ಆಟವನ್ನು ಮೊಬೈಲಿನಲ್ಲಿ ಹಿಡಿಯುವುದೊಂದನ್ನು ಬಿಟ್ಟರೆ, ಈ ಊರಿನಲ್ಲಿ ನನ್ನನ್ನು ಕರೆಯುವ ಜಾಗವೂ ಇಲ್ಲ, ಕಾಯುವ ಜನವೂ ಇಲ್ಲ.

ಹದಿನೇಳು ತುಂಬಿದ ಚಿನ್ಮಯಿಗೆ ಅಮೆರಿಕದ ಯಾವುದಾದರೂ ಕಾಲೇಜಿನ ತಂಡ ಸೇರುವ ಆಸೆ. ಅಲ್ಲಿಯ ಕೋಚ್‌ಗಳು ಮೊದಲು ವಿಡಿಯೊ ಕೇಳುತ್ತಾರೆ. ನಾನು ಕೂತು ಅವಳು ಚೆಂಡು ಹಿಡಿದದ್ದು, ಹೊಡೆದದ್ದು, ಓಡಿದ್ದು ಮಾತ್ರ ಆಯ್ದು, ಬಿಟ್ಟದ್ದನ್ನೆಲ್ಲ ಕತ್ತರಿಸಿ, ಮದುವೆಗೆ ಫೋಟೊ ಕಳಿಸುವವರ ಹಾಗೆ ಒಂದು ಮೂರು ನಿಮಿಷದ ಚಂದವನ್ನು ತಯಾರಿಸಿ ಕಳಿಸಿದೆ. ಒಬ್ಬ ಕೋಚಮ್ಮನಿಂದ ಉತ್ತರ ಬಂತು. ಹುಡುಗಿಯ ಕೈ ಚುರುಕಾಗಿದೆ, ಓಟವೂ ಚೆನ್ನಾಗಿದೆ. ಆದರೆ ಹಿಡಿದದ್ದನ್ನು ಎಲ್ಲರೂ ಕಳಿಸುತ್ತಾರೆ, ಬಿಟ್ಟ ಮೇಲೆ ಅವಳು ಏನು ಮಾಡುತ್ತಾಳೆ, ಅವಳ ಕಣ್ಣು ಎತ್ತ ಹೋಗುತ್ತದೆ ಎಂಬುದನ್ನು ನಾನು ನೋಡಬೇಕು, ಕತ್ತರಿಸದ ಒಂದು ಇಡೀ ಆಟ ಕಳಿಸಿ ಎಂದು ಬರೆದಿದ್ದಳು. ನನಗೆ ನನ್ನನ್ನು ನೋಡಲು ಬಂದವರ ನೆನಪಾಯಿತು. ನಡಿಗೆ ನೋಡಿದ್ದರು, ಹಾಡು ಕೇಳಿದ್ದರು, ಉಪ್ಪಿಟ್ಟು ತಿಂದಿದ್ದರು. ಕಾಫಿ ಲೋಟ ಕೈಜಾರಿದರೆ ಈ ಹುಡುಗಿ ಏನು ಮಾಡಿಯಾಳು ಎಂದು ಮಾತ್ರ ಯಾರೂ ಯೋಚಿಸಲಿಲ್ಲ. ಯೋಚಿಸಿದ್ದರೆ ಎರಡೂ ಕಡೆಯವರಿಗೆ ಒಳ್ಳೆಯದಾಗುತ್ತಿತ್ತು.

ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೂ ಮಗಳ ತಪ್ಪುಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಿದ್ದು ಅದೇ ಮೊದಲು. ಹಳೆಯ ಆಟಗಳಲ್ಲಿ ಏಳು ಸಲ ಚೆಂಡು ಬಿಟ್ಟಿದ್ದಳು. ಏಳು ಸಲವೂ, ಚೆಂಡು ನೆಲಕ್ಕೆ ಬಿದ್ದ ಮರುಕ್ಷಣವೇ ತಲೆಯೆತ್ತಿ ಬೇಲಿಯ ಕಡೆ ನೋಡಿದ್ದಳು, ಅಂದರೆ ನನ್ನನ್ನು. ಅಷ್ಟರಲ್ಲಿ ಎದುರಾಳಿ ಓಟದ ಮುಂದಿನ ಗುರುತಾದ ಬೇಸನ್ನು ಮುಟ್ಟಿರುತ್ತಿದ್ದಳು. ಆ ನೋಟಗಳನ್ನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ನೋಡುತ್ತ ಕುಳಿತೆ. ಇಷ್ಟು ಆಸೆಯಿಂದ ಲೋಕದಲ್ಲಿ ಇನ್ಯಾರೂ ನನ್ನ ಮುಖ ನೋಡುವುದಿಲ್ಲ. ಈ ಆಟಗಳಲ್ಲೊಂದನ್ನು ಹೀಗೇ ಕಳಿಸಿದರೆ ಆ ಕೋಚಮ್ಮ ಇವಳನ್ನು ಆರಿಸುವುದಿಲ್ಲ, ಇವಳು ನನ್ನ ಜೊತೆಗೇ ಉಳಿಯುತ್ತಾಳೆ ಎಂದು ಗೊತ್ತಿತ್ತು. ನಿಮ್ಮ ಹತ್ತಿರ ಮುಚ್ಚುಮರೆಯೇಕೆ, ಕಳಿಸಿಬಿಡೋಣವೆಂದು ಎರಡು ದಿನ ಅನ್ನಿಸಿತು.

ನಮ್ಮ ಭಾಷೆಯಲ್ಲಿ ಚೆಂಡನ್ನೂ ಬಿಡುತ್ತೇವೆ, ಹಟವನ್ನೂ ಬಿಡುತ್ತೇವೆ, ಮಗುವನ್ನು ಸ್ಕೂಲಿಗೂ ಬಿಟ್ಟು ಬರುತ್ತೇವೆ. ಬಿಡು ಎಂಬ ಆ ಪುಟ್ಟ ಪದದ ಮೇಲೆ ಇಷ್ಟೊಂದು ಹೊರೆ ಹೊರಿಸಿದವರು ಯಾರೋ ಕಾಣೆ.

ಮುಂದಿನ ಶನಿವಾರ ಮೊಬೈಲನ್ನು ಇನ್ನೊಬ್ಬ ಆಟಗಾರ್ತಿಯ ತಾಯಿ ಮೊರೀನ್ ಕೈಗೆ ಕೊಟ್ಟು, ಪೂರ್ತಿ ಆಟ ಹಿಡಿಯಲು ಹೇಳಿ, ನಾನು ಕಾರಿಗೆ ಹೋಗಿ ಕುಳಿತೆ. ಮಳೆಹನಿ ಬಿದ್ದ ಗಾಜಿನಾಚೆ ಮಗಳು ನನ್ನ ಹೆಬ್ಬೆರಳಿನಷ್ಟೇ ಕಾಣುತ್ತಿದ್ದಳು. ಮೂರನೆಯ ಸರದಿಯಲ್ಲಿ ಸುಲಭದ ಚೆಂಡೊಂದು ಅವಳ ಗ್ಲೌಸಿನಿಂದ ಜಾರಿತು. ತಲೆ ಎದ್ದಿತು, ಬೇಲಿಯ ಕಡೆ ತಿರುಗಿತು. ನಾನಿರಲಿಲ್ಲ. ಕಾರಿನ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದೆ, ಇಳಿದು ಓಡಿಬಿಡುತ್ತೇನೆಂಬ ಭಯದಿಂದ. ಅವಳು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಬಗ್ಗಿ ಚೆಂಡೆತ್ತಿ ಎಸೆದಳು, ಗೆಳತಿಯರತ್ತ ತಿರುಗಿ ಏನೋ ಕೂಗಿದಳು, ಮೊಣಕಾಲು ಬಗ್ಗಿಸಿ ಮುಂದಿನ ಚೆಂಡಿಗೆ ಕಾದಳು. ಆರನೆಯ ಸರದಿಯಲ್ಲಿ ಇನ್ನೊಂದು ಬಿಟ್ಟಾಗ ಬೇಲಿಯ ಕಡೆ ತಿರುಗಲೇ ಇಲ್ಲ. ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಜೊತೆಗೆ, ಯಾರೋ ನನ್ನನ್ನು ಕೆಲಸದಿಂದ ತೆಗೆದ ಹಾಗೆಯೂ ಆಯಿತು.

ಆಟ ಮುಗಿದು ಬಂದವಳು ಬ್ಯಾಗನ್ನು ಹಿಂದಿನ ಸೀಟಿಗೆಸೆದು, ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು.

"ವೇರ್ ವರ್ ಯೂ, ಅಮ್ಮಾ?"

"ಆಫೀಸಿಂದ ಫೋನ್ ಬಂತು ಕಣೇ. ಅಲ್ಲೇ ಆ ಕಡೆ ಓಡಾಡ್ತಾ ಮಾತಾಡ್ತಿದ್ದೆ."

ನನ್ನ ಮೊಬೈಲು ಮೊರೀನ್ ಕೈಯಲ್ಲಿತ್ತೆಂಬುದು ಹೇಳಿದ ಮೇಲೆ ನೆನಪಾಯಿತು. ಅವಳು ಕೊಟ್ಟುಕಳಿಸಿದ ಆ ಮೊಬೈಲನ್ನೇ ಮಗಳು ಜೇಬಿನಿಂದ ತೆಗೆದು ನನ್ನ ಮಡಿಲಲ್ಲಿಟ್ಟಳು. ಕೆಸರು ಮೆತ್ತಿದ ಕೈಯಿಂದ ನನ್ನ ಶಾಲನ್ನು ಹೆಗಲ ಮೇಲೆಳೆದು, ಎಷ್ಟೋ ತಿಂಗಳ ಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು:

"ನೆಕ್ಸ್ಟ್ ವೀಕೂ ಕಾರಲ್ಲೇ ಕೂತ್ಕೋ ಅಮ್ಮಾ. ಹೊರಗೆ ನಿಂಗೆ ಚಳಿ ಆಗತ್ತೆ."