ಎರಡೇ ಸಲ ಕೇಳುವ ಅಜ್ಜಿ

ಕಲಾ ಪ್ರದರ್ಶನಗಳಿಗೆ ಹೋದಾಗ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತೇನೆ. ನೋಡಿದವರು ಅದನ್ನು ಗಾಂಭೀರ್ಯ ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅದು ಭಯ. ಮಂಡ್ಯದಿಂದ ಶಾಲೆಯ ಪ್ರವಾಸ ಹೋಗಿದ್ದಾಗ ಯಾವುದೋ ಅರಮನೆಯ ಕಂಬ ಮುಟ್ಟಿ ಮೇಷ್ಟರ ಹತ್ತಿರ ಬೈಸಿಕೊಂಡ ಮೇಲೆ, ಕಲೆ ಎಂದರೆ ಮುಟ್ಟಬಾರದ್ದು ಎಂಬುದು ತಲೆಯಲ್ಲಿ ಕೂತುಬಿಟ್ಟಿದೆ. ಚಿತ್ರಕ್ಕಿಂತ ಪಕ್ಕದ ಚೀಟಿಯನ್ನೇ ಹೆಚ್ಚು ಹೊತ್ತು ಓದಿ, "ಹೂಂ" ಎಂದು ತಲೆಯಾಡಿಸಿ ಮುಂದಕ್ಕೆ ಹೋಗುವುದು, ಇಷ್ಟೇ ನನ್ನ ರಸಿಕತೆ.

ಇಂಥವಳ ಮಗಳು ಇಂಚರಾ, ಮುಟ್ಟದೆ ಹೋದರೆ ಕಲೆಯೇ ಆಗದಂಥ ಕಲೆ ಮಾಡುತ್ತಾಳೆ. ಕಂಪ್ಯೂಟರ್ ಗೇಮು. ಗುಂಡು ಹಾರಿಸುವುದಲ್ಲ, ಕಾರು ಓಡಿಸುವುದೂ ಅಲ್ಲ. ಗ್ಯಾಲರಿಯಲ್ಲಿಟ್ಟು ಜನರನ್ನು ಆಡಿಸುವಂಥದ್ದು. ಈ ವರ್ಷ ಅವಳ ಒಂದು ಗೇಮು ಸ್ಯಾನ್ ಫ್ರಾನ್ಸಿಸ್ಕೋದ ಡಿಜಿಟಲ್ ಕಲಾ ಪ್ರದರ್ಶನಕ್ಕೆ ಆಯ್ಕೆಯಾಯಿತು. ಅದನ್ನು ಮಾಡುವಾಗ ಅಮ್ಮ ಒಂದು ಸಲ ಆಡಿ ನೋಡಲಿ ಎಂಬುದೇ ಅವಳ ಆಸೆಯಾಗಿತ್ತು. ನಾನೋ, ಅವಳು ಹೈಸ್ಕೂಲಿನಲ್ಲಿದ್ದಾಗ ಅವಳ ಕೈಯಿಂದ ಗೇಮು ಕಿತ್ತುಕೊಂಡು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟವಳು. "ಆಮೇಲ್ ನೋಡ್ತೀನಿ ಕಣೇ, ನಂಗೆಲ್ಲಿ ಅದೆಲ್ಲ ಬರತ್ತೆ" ಎಂದು ಜಾರಿಕೊಳ್ಳುತ್ತಲೇ ಬಂದೆ. ಅವಳು ಕೇಳುವುದನ್ನು ಯಾವಾಗ ಬಿಟ್ಟಳೋ ನನಗೆ ತಿಳಿಯಲೇ ಇಲ್ಲ. ತಿಳಿದದ್ದು, ಪ್ರದರ್ಶನದ ಆಹ್ವಾನ ಅವಳ ಅಪ್ಪನ ಫೋನಿಗೆ ಮಾತ್ರ ಬಂದಾಗ.

ಕರೆಯದಿದ್ದರೂ ಹೊರಟೆ. ನಾವಿರುವ ಪ್ಲೆಸೆಂಟನ್ನಿನಿಂದ ರೈಲು ಹತ್ತಿದ ಕ್ಷಣದಿಂದ ನಮ್ಮನೆಯವರದು ಒಂದೇ ರಾಗ: "ಗೇಮು ಅಂದ್ಮೇಲೆ ಗೇಮು. ಅದ್ರಲ್ಲಿ ಆರ್ಟು ಎಲ್ಲಿಂದ ಬಂತು?" ಇದೇ ಪ್ರಶ್ನೆಯನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ; ಆದರೆ ಗಂಡ ಕೇಳಿದಾಗ ಉತ್ತರ ಹುಡುಕಲೇಬೇಕಾಗುತ್ತದೆ. ನಮ್ಮ ಹಿರಿಯರು ಮಾಡಿಟ್ಟ ಅರವತ್ನಾಲ್ಕು ಕಲೆಗಳ ಪಟ್ಟಿಯಲ್ಲಿ ಸಂಗೀತ, ನೃತ್ಯದ ಜೊತೆಗೆ ಪಗಡೆಯಾಟವೂ ಇದೆ, ಮಕ್ಕಳ ಆಟಿಕೆಯೂ ಇದೆ ಎಂದೆ. ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಯಾರೋ ಕೆತ್ತಿದ ಚೌಕಾಬಾರದ ಮನೆಗಳನ್ನೂ ನೆನಪಿಸಿದೆ. ನಾವೆಲ್ಲ ಅದನ್ನು ತುಳಿದುಕೊಂಡು ಹೋಗಿ ಗೋಡೆಯ ಶಿಲಾಬಾಲಿಕೆಯ ಫೋಟೋ ತೆಗೆಯುತ್ತೇವೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಮ್ಮನೆಯವರು ನಿದ್ದೆ ಹೋಗಿದ್ದರು.

ಪ್ರದರ್ಶನ ಒಂದು ಹಳೆಯ ಗೋದಾಮಿನಲ್ಲಿತ್ತು. ಇಂಚರಾ ನನ್ನನ್ನು ನೋಡಿ "ಓ, ಯೂ ಕೇಮ್" ಎಂದಳು. ಮುಖದಲ್ಲಿ ಆಶ್ಚರ್ಯವಿತ್ತು, ಸಂತೋಷ ಇತ್ತೋ ಇಲ್ಲವೋ ಹೇಳಲಾರೆ. ಅವಳ ಗೇಮಿನ ಮುಂದೆ ಕ್ಯೂ ಇತ್ತು. ನೆಲದ ಮೇಲೊಂದು ಮಣೆ, ಅದರ ಮುಂದೆ ಬೆಳಕಿನಲ್ಲಿ ಮೂಡಿದ ಬಾಳೆಲೆ, ಎದುರಿನ ಪರದೆಯಲ್ಲಿ ಸೆರಗು ಸಿಕ್ಕಿಸಿ ನಿಂತ ಅಜ್ಜಿ. ಅಜ್ಜಿ ಬಂದು "ಬಡಿಸ್ಲಾ?" ಎನ್ನುತ್ತಾಳೆ. ಹಸಿರು ಗುಂಡಿ ಒತ್ತಿದರೆ ಬೇಕು, ಕೆಂಪು ಒತ್ತಿದರೆ ಬೇಡ. ಆಟ ಎಂದರೆ ಇಷ್ಟೇ.

ನನಗಿಂತ ಮುಂದಿದ್ದ ಎತ್ತರದ ಅಮೆರಿಕನ್ ಮಹಾಶಯ ಚಕ್ಕಳಮಕ್ಕಳ ಹಾಕಿ ಲಕ್ಷಣವಾಗಿ ಕೂತ. ಯೋಗದ ಕ್ಲಾಸಿಗೆ ಹೋಗುತ್ತಾನೆ ಎಂದು ಕಾಣುತ್ತದೆ. ಕೇಳಿದ್ದಕ್ಕೆಲ್ಲ ಹಸಿರು ಒತ್ತಿ ಹನ್ನೊಂದು ಒಬ್ಬಟ್ಟು ಹಾಕಿಸಿಕೊಂಡ, ಕೈಮುಗಿದು ಎದ್ದ. ಆಮೇಲೆ ನಮ್ಮನೆಯವರು. ಅವರು ರೆಡ್‌ವುಡ್ ಸಿಟಿಯ ಒಂದು ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿದ್ದಾರೆ. ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದರು, ಒಂದಾದ ಮೇಲೊಂದರಂತೆ ಮೂವತ್ತು ಸಲ ಒತ್ತಿದರು. ಅಜ್ಜಿ ಜಗ್ಗಲಿಲ್ಲ. "ಸ್ಟೇಬಲ್ ಆಗಿದೆ" ಎಂದು ಎದ್ದರು. ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಮದುವೆಯಾದಾಗಿನಿಂದ ನಾನು ಅವರ ಬಾಯಲ್ಲಿ ಕೇಳಿಲ್ಲ.

ನನ್ನ ಸರದಿ ಬಂತು. ಮಂಡಿ ಹಿಡಿದುಕೊಂಡು, ಗೋಡೆಗೆ ಕೈಕೊಟ್ಟು, ಅಂತೂ ಮಣೆಯ ಮೇಲೆ ಕೂತೆ. ಸ್ವಲ್ಪ ದೂರದಲ್ಲಿ ಇಂಚರಾ ಉಗುರು ಕಚ್ಚುತ್ತಾ ನಿಂತಿದ್ದಳು. ಅಜ್ಜಿ ಬಂದು "ಬಡಿಸ್ಲಾ?" ಎಂದಳು. ನನ್ನ ಬೆರಳು ತಾನಾಗಿ ಕೆಂಪು ಗುಂಡಿಗೆ ಹೋಯಿತು. ಕೇಳಿದ ತಕ್ಷಣ ಹೂಂ ಎನ್ನುವುದು ಎಲ್ಲಾದರೂ ಉಂಟೇ? ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಅಭ್ಯಾಸಕ್ಕೆ. ಮೂರನೆಯ ಸಲಕ್ಕೆ "ಅಯ್ಯೋ, ಇಷ್ಟೊಂದು ಬಲವಂತ ಮಾಡ್ತೀರಲ್ಲ" ಎಂದು ತಟ್ಟೆ ಚಾಚುವುದು ನಾನು ಬೆಳೆದ ರೀತಿ. ಈ ದೇಶಕ್ಕೆ ಬಂದ ಹೊಸದರಲ್ಲಿ, ವಾಲ್ನಟ್ ಕ್ರೀಕಿನಲ್ಲಿ ಸಹೋದ್ಯೋಗಿಯೊಬ್ಬಳ ಮನೆಗೆ ಹೋಗಿ ಇದೇ ರೀತಿ ಕೇಕಿಗೆ ಬೇಡ ಎಂದೆ. ಅವಳು ಸರಿ ಎಂದು ಅದನ್ನು ಫ್ರಿಜ್ಜಿನಲ್ಲಿಟ್ಟಳು. ಆ ಕೇಕಿನ ಬಣ್ಣ ಇವತ್ತಿಗೂ ನೆನಪಿದೆ.

ಆದರೆ ಇವಳು ನಮ್ಮ ಅಜ್ಜಿಯಲ್ಲವೇ? "ಒಂಚೂರು ಹಾಕ್ಲಾ?" ಎಂದು ಎರಡನೆಯ ಸಲ ಕೇಳಿದಳು. ನಾನು ನಾಚಿಕೊಂಡು ಮತ್ತೆ ಕೆಂಪು ಒತ್ತಿ, ಮೂರನೆಯ ಬಲವಂತಕ್ಕೆ ಸಿದ್ಧಳಾಗಿ ಕೂತೆ. ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿದಳು. ಪಾತ್ರೆ ಎತ್ತಿಕೊಂಡಳು. ಒಳಗೆ ಹೋದಳು. ಎಲೆ ಆರಿತು, ದೀಪ ಆರಿತು, ಆಟ ಮುಗಿಯಿತು.

ನನಗೆ ರೇಗಿಹೋಯಿತು. ಎದ್ದವಳೇ ಮಗಳ ಹತ್ತಿರ ಹೋದೆ. "ಏನೇ ಇದು, ಎರಡೇ ಸಲ ಕೇಳಿ ಒಳಗೆ ಹೋಗೋದಾ? ಇನ್ನೊಂದ್ಸಲ ಕೇಳ್ಬೇಕಿತ್ತು ಕಣೇ. ನಿನ್ನ ಗೇಮು ತಪ್ಪು."

"ಇಟ್ಸ್ ನಾಟ್ ಎ ಬಗ್, ಅಮ್ಮ," ಎಂದಳು. ದನಿ ತಗ್ಗಿಸಿ, "ಹೌ ಮೆನಿ ಟೈಮ್ಸ್ ಕೇಳ್ಬೇಕು?" ಎಂದು ಕೇಳಿದಳು.

ಕಣ್ಣು ಒದ್ದೆಯಾಗಿತ್ತು. ನನ್ನದಲ್ಲ, ಅವಳದು, ಆಮೇಲೆ ನನ್ನದೂ. ಅಜ್ಜಿಯ ಮೇಲಿನ ದೂರನ್ನು ನಾನು ಅಲ್ಲಿಗೇ ಬಿಟ್ಟೆ. ನನ್ನ "ಆಮೇಲೆ" ಎಂಬುದೂ ಒಂದು ಉಪಚಾರದ ಮಾತು ಎಂದುಕೊಂಡಿದ್ದೆ, ಅವಳು ಮತ್ತೆ ಕೇಳುತ್ತಲೇ ಇರುತ್ತಾಳೆ ಎಂದುಕೊಂಡಿದ್ದೆ. ಇಲ್ಲಿ ಹುಟ್ಟಿ ಬೆಳೆದ ಹುಡುಗಿ ಅದನ್ನು ನಿಜವಾದ ಬೇಡ ಎಂದೇ ನಂಬಿದ್ದಳು. ಮಕ್ಕಳು ಕೇಳುವುದನ್ನು ಬಿಟ್ಟ ಮೇಲೆ ಅವರ ಬಾಗಿಲಲ್ಲಿ ನಾವೇ ಹೋಗಿ ನಿಲ್ಲಬೇಕು, ಬೇರೆ ದಾರಿಯಿಲ್ಲ. ನಾನು ಹೋಗಿ ಕ್ಯೂನ ಕೊನೆಯಲ್ಲಿ ನಿಂತೆ.

ಮುಕ್ಕಾಲು ಗಂಟೆ ಆದಮೇಲೆ ಮತ್ತೆ ಮಣೆ ಸಿಕ್ಕಿತು. ಅಜ್ಜಿ ಬಾಯಿ ತೆರೆದಳೋ ಇಲ್ಲವೋ, ಹಸಿರು ಒತ್ತಿದೆ. ಚಿತ್ರಾನ್ನ ಬಂತು. ಮಜ್ಜಿಗೆಹುಳಿ ಬಂತು. ಒಬ್ಬಟ್ಟು ಬಂತು, ಅದರ ಮೇಲೆ ತುಪ್ಪ ಬಂತು. ಒಂದೊಂದಕ್ಕೂ ಅಜ್ಜಿಯ ಮುಖ ಒಂದೊಂದು ರೀತಿ ಅರಳುತ್ತಿತ್ತು. ಇಷ್ಟೊಂದು ನಗುಗಳನ್ನು ಈ ಹುಡುಗಿ ಯಾವಾಗ ಕೂತು ಬರೆದಳೋ. ನನ್ನ ಹಿಂದೆ ಎಂಟು ಹತ್ತು ಜನ ಕಾಯುತ್ತಿದ್ದರು.

ಇಂಚರಾ ಬಂದು ಕಿವಿಯಲ್ಲಿ "ಅಮ್ಮಾ, ಸಾಕು, ಪೀಪಲ್ ಆರ್ ವೇಟಿಂಗ್" ಎಂದಳು.

"ಸುಮ್ನಿರೇ. ಇನ್ನೂ ಬಡಿಸ್ತಿದಾಳೆ. ಎಲೆ ಮುಂದಿಂದ ಅರ್ಧಕ್ಕೇ ಎದ್ದು ಬರಕ್ಕಾಗತ್ತಾ?"

ಅವಳು ಕ್ಯೂನ ಕಡೆ ತಿರುಗಿ, ಇಡೀ ಗೋದಾಮಿಗೆ ಕೇಳಿಸುವಂತೆ "ಸಾರಿ ಎವ್ರಿಬಡಿ, ಮೈ ಮಾಮ್ ಈಸ್ ಈಟಿಂಗ್" ಎಂದಳು. ನಾನು ತಲೆಯೆತ್ತಲಿಲ್ಲ. ಅಜ್ಜಿ ಪಾಯಸ ತಂದಿದ್ದಳು.